ಕತ್ತು ಉಳುಕಿದ ಹಕ್ಕಿ

ಲಾರಿಗೆ ಬಣ್ಣ ಬಳಿಯುವವನಿಗೆ ಒಂದು ಕಡೆ ಕೂತು ಕೆಲಸ ಮಾಡುವ ಬುದ್ಧಿ ಇರಬೇಕು. ಹಕ್ಕಿ ಪೇಂಟರನಿಗೆ ಅದೊಂದು ಇರಲಿಲ್ಲ. ಕೂತಲ್ಲಿ ಕೂರುವವನಲ್ಲ, ನಿಂತಲ್ಲಿ ನಿಲ್ಲುವವನಲ್ಲ. ಎಡಬದಿಯ ಹಲಗೆಗೆ ಹೂವು ಬರೆಯುತ್ತಾ ಬರೆಯುತ್ತಾ ಎದ್ದುಹೋಗಿ ಬಲಬದಿಗೆ ಒಂದು ಎಲೆ ಬರೆದು, ಅಲ್ಲಿಂದ ಹೋಗಿ ಯಾರದೋ ಬಾನೆಟ್ಟಿನ ಧೂಳು ಒರೆಸಿ, ಟೀ ಕುಡಿದು, ಕುಡಿದದ್ದು ಮರೆತು ಇನ್ನೊಂದು ಟೀಗೆ ಕೂಗುತ್ತಿದ್ದ. "ಇವನ ಕಾಲಿಗೆ ಯಾರು ಚಕ್ರ ಕಟ್ಟಿದರೋ" ಎಂದು ಶೆಡ್ಡಿನ ಯಜಮಾನ ಹಣೆ ಚಚ್ಚಿಕೊಳ್ಳುತ್ತಿದ್ದ. ಆದರೆ ಲಾರಿಯ ಹಿಂಬಾಗಿಲಿಗೆ ಹಕ್ಕಿ ಬರೆಯುವ ಹೊತ್ತು ಬಂದರೆ ಆ ಮನುಷ್ಯನೇ ಬೇರೆ. ಖಾಲಿ ಡಬ್ಬವೊಂದನ್ನು ಬೋರಲು ಹಾಕಿ ಕೂತನೆಂದರೆ ಹಕ್ಕಿ ಮುಗಿಯುವವರೆಗೆ ಏಳುತ್ತಿರಲಿಲ್ಲ. ಅವನು ಸುಮ್ಮನೆ ಕೂತದ್ದನ್ನು ನೋಡಬೇಕೆಂದವರು ಆ ಹೊತ್ತಿಗೇ ಬರಬೇಕಿತ್ತು.

ಆ ಹಕ್ಕಿ ಯಾವ ಜಾತಿಯದು ಎಂದು ಕೇಳಬೇಡಿ. ಗಿಳಿಗಿಂತ ದೊಡ್ಡದು, ನವಿಲಿಗಿಂತ ಚಿಕ್ಕದು. ಡಬ್ಬಗಳ ತಳದಲ್ಲಿ ಯಾವ ಯಾವ ಬಣ್ಣ ಉಳಿದಿದೆಯೋ ಅದೆಲ್ಲ ಅದರ ಬಾಲದಲ್ಲಿರುತ್ತದೆ. ಬೆನ್ನು ನಮ್ಮ ಕಡೆಗೆ. ರೆಕ್ಕೆ ಬಿಚ್ಚಿ ನಮ್ಮಿಂದ ದೂರಕ್ಕೆ ಹಾರುತ್ತಿರುತ್ತದೆ. ಕತ್ತು ಮಾತ್ರ ಹಿಂದಕ್ಕೆ ತಿರುಗಿರುತ್ತದೆ. ಲಾರಿ ಮುಂದೆ ಓಡುತ್ತಿದ್ದರೆ ಹಕ್ಕಿ ಒಂದೇ ಕಣ್ಣಿನಿಂದ ಹಿಂದೆ ಬರುವವರನ್ನು ನೋಡುತ್ತಾ ನೋಡುತ್ತಾ ಹೋಗುತ್ತದೆ. ಲಾರಿಯ ಹಿಂದೆ ಸಿಕ್ಕಿಹಾಕಿಕೊಂಡು ಶಾಪ ಹಾಕುವ ಕಾರಿನವರು ಕೂಡ ಆ ಕಣ್ಣು ನೋಡಿ ಒಂದು ಗಳಿಗೆ ಬಾಯಿ ಮುಚ್ಚುತ್ತಾರೆಂದು ಡ್ರೈವರುಗಳು ಹೇಳುತ್ತಾರೆ. ಡ್ರೈವರುಗಳ ಮಾತಿನಲ್ಲಿ ಅರ್ಧ ಕಳೆದರೂ ಒಂದಿಷ್ಟು ಉಳಿಯುತ್ತದೆ.

ಇಂಥವನನ್ನು ಹುಡುಕಿಕೊಂಡು ರೇಡಿಯೋದ ಹುಡುಗಿಯೊಬ್ಬಳು ಬಂದಳು. ಬೀದಿಯ ಕಲಾವಿದರ ಮೇಲೆ ಕಾರ್ಯಕ್ರಮ ಮಾಡುತ್ತಿದ್ದಳಂತೆ. ಒಳ್ಳೆಯ ಹುಡುಗಿ. ಟರ್ಪೆಂಟೈನ್ ವಾಸನೆಗೆ ಮೂಗು ಮುಚ್ಚಲಿಲ್ಲ, ಉಜ್ಜುಕಾಗದದ ಧೂಳಿನಲ್ಲೇ ಹಳೆಯ ಟೈರಿನ ಮೇಲೆ ಕೂತಳು. "ಕಲಾವಿದರು" ಎಂದು ಅವಳು ಅಂದಾಗ ಪೇಂಟರ್ ತನ್ನ ಹಿಂದೆ ಬೇರೆ ಯಾರಾದರೂ ನಿಂತಿದ್ದಾರೆಯೇ ಎಂದು ನೋಡಿದ. ಬ್ರಷ್ಷು ಯಾವುದು, ಗುರು ಯಾರು, ಮಕ್ಕಳೆಷ್ಟು ಎಂದೆಲ್ಲ ಕೇಳಿಯಾದ ಮೇಲೆ ಅವಳು ಮೈಕನ್ನು ಇನ್ನಷ್ಟು ಹತ್ತಿರ ಹಿಡಿದಳು.

"ಈ ಹಕ್ಕಿಗೆ ಸ್ಫೂರ್ತಿ ಯಾರು ಸರ್?"

"ಯಾರೂ ಇಲ್ವಲ್ಲಮ್ಮ."

"ಯಾರಾದ್ರೂ ಇದ್ದೇ ಇರ್ತಾರೆ ಸರ್. ಇಷ್ಟು ವರ್ಷ ಒಂದೇ ಥರ ಕತ್ತು ತಿರುಗಿಸಿ ಬರೆದಿದೀರಿ ಅಂದ್ರೆ ಸುಮ್ನೆ ಅಲ್ಲ. ಯೋಚ್ನೆ ಮಾಡಿ. ಮುಂದಿನ ವಾರ ಬರ್ತೀನಿ, ಆಗ ಹೇಳಿ."

ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ಇಲ್ಲಿ ಇರುವೆ ಬಿಟ್ಟವಳು ನಗುತ್ತಾ ಹೊರಟುಹೋದಳು, ಕಚ್ಚಿಸಿಕೊಳ್ಳುವವನು ಶೆಡ್ಡಿನಲ್ಲಿ ಉಳಿದ.

ಮಾರನೆಯ ದಿನ ಮೀಸೆಯ ಲಾರಿ ಹಕ್ಕಿಗಾಗಿ ನಿಂತಿತ್ತು. ಮೀಸೆ ಎಂದರೆ ಡ್ರೈವರು; ಮೀಸೆ ಬೋಳಿಸಿ ಎಷ್ಟೋ ಕಾಲವಾಗಿದ್ದರೂ ಹೆಸರು ಹೋಗಿರಲಿಲ್ಲ. ಗಾಜಿನ ಬಾಟಲಿ ಸಾಗಿಸುವ ಲಾರಿ ಅವನದು. ಹಿಂಬಾಗಿಲಿಗೆ ಹಕ್ಕಿ ಇಲ್ಲದೆ ಗಾಜು ಹೊರುವುದಿಲ್ಲ ಎಂಬುದು ಅವನ ಹಟ. ಪೇಂಟರ್ ಡಬ್ಬ ಬೋರಲು ಹಾಕಿ ಕೂತ. ಸೀಮೆಸುಣ್ಣದ ಗೆರೆ ಎಳೆದ. ಬೆನ್ನು ಬಂತು, ರೆಕ್ಕೆ ಬಂತು, ಬಾಲ ಬಂತು. ಕತ್ತಿನ ಹತ್ತಿರ ಬಂದಾಗ ಬ್ರಷ್ಷು ನಿಂತಿತು. ಯಾವ ಕಡೆಯಿಂದ ತಿರುಗಿಸುತ್ತಿದ್ದೆ? ಎಡದಿಂದಲೋ ಬಲದಿಂದಲೋ? ಮೊದಲು ಕೊಕ್ಕೋ ಮೊದಲು ಕಣ್ಣೋ? ಬರೆದ. ಬಾತುಕೋಳಿಯ ಹಾಗೆ ಕಂಡಿತು. ಟರ್ಪೆಂಟೈನ್ ಬಟ್ಟೆಯಿಂದ ಒರೆಸಿ ಮತ್ತೆ ಬರೆದ. ಈ ಸಲ ಯಾರೋ ಹಕ್ಕಿಯ ಕುತ್ತಿಗೆ ಹಿಸುಕಿದ ಹಾಗಿತ್ತು. ಸಂಜೆಯವರೆಗೂ ಬರೆಯುವುದು, ಒರೆಸುವುದು. ಒರೆಸಿ ಒರೆಸಿ ಆ ಜಾಗದ ಕೆಳಬಣ್ಣವೂ ಎದ್ದುಬಂದು ತಗಡು ಕಾಣಿಸಿತು.

ಇದ್ದಕ್ಕಿದ್ದಂತೆ ಅವನಿಗೆ ಭಯವಾಯಿತು. ಆ ಊರಲ್ಲಿ ಕೈಯಿಂದ ಬರೆಯುವ ಶೆಡ್ಡು ಅದೊಂದೇ ಉಳಿದಿತ್ತು. ಉಳಿದವರೆಲ್ಲ ಸ್ಟಿಕ್ಕರ್ ಅಂಟಿಸಿ ಮಧ್ಯಾಹ್ನಕ್ಕೇ ಲಾರಿ ಬಿಡುತ್ತಿದ್ದರು. ಯಜಮಾನ ಬಂದು ತಗಡು ಮುಟ್ಟಿ ನೋಡಿದ.

"ಏನ್ ಪೇಂಟರೇ, ಹಕ್ಕಿ ಬರೀತಿದೀರೋ ಪಾತ್ರೆ ತಿಕ್ಕುತಿದೀರೋ?"

"ಬ್ರಷ್ಷು ಸರಿಯಿಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೋಡಿ, ನಾಳಿದ್ದು ಅವನ ಲೋಡು ಇದೆ. ಆಗಲ್ಲ ಅಂದ್ರೆ ಹೇಳಿಬಿಡಿ, ಸ್ಟಿಕ್ಕರ್ ಹಾಕಿಸ್ತೀನಿ. ಒಂದು ಸಲ ಹಾಕಿಸಿದೆ ಅಂದ್ರೆ ಆಮೇಲೆ ಎಲ್ಲದಕ್ಕೂ ಅದೇ."

ಹೇಳಿದ್ದು ಕೆಟ್ಟ ಮನಸ್ಸಿನಿಂದಲ್ಲ. ಅದಕ್ಕೇ ಹೆಚ್ಚು ಚುಚ್ಚಿತು.

ಮನೆಗೆ ಬಂದರೆ ಅಲ್ಲಿ ಬೇರೆಯದೇ ಕಥೆ. ಹಿಂದಿನ ದಿನ ಹೆಂಡತಿ ಊಟದ ಡಬ್ಬಿ ತಂದಾಗ ಶೆಡ್ಡಿನ ತಗಡಿನಾಚೆ ನಿಂತು ಆ ಹುಡುಗಿಯ ಕೊನೆಯ ಪ್ರಶ್ನೆ ಕೇಳಿಸಿಕೊಂಡಿದ್ದಳು. ಅವರ ಬೀದಿಯಲ್ಲೇ ಸ್ಫೂರ್ತಿ ಎಂಬ ಹೆಸರಿನವರು ಇಬ್ಬರಿದ್ದರು. ಗಂಡ ಬೇರೆ ನಿದ್ದೆಯಲ್ಲಿ ಆ ಹೆಸರು ಗೊಣಗಿದ್ದ. ಇನ್ನೇನು ಬೇಕು?

"ಸ್ಫೂರ್ತಿ ಯಾರ್ರೀ?"

"ಅದನ್ನೇ ನಾನೂ ಯೋಚಿಸ್ತಾ ಇದೀನಿ ಕಣೇ."

"ಯೋಚಿಸೋಕೆ ಎಷ್ಟು ಜನ ಇದಾರೆ?"

"ಅಯ್ಯೋ, ಅದು ಹೆಸರಲ್ವೇ! ಅದು ಒಂಥರಾ... ಒಳಗಿಂದ ಬರೋದು. ಮನಸ್ಸಲ್ಲಿ ಇರೋದು."

"ಮನಸ್ಸಲ್ಲಿ ಇದಾಳೆ ಅಂತಾನೇ ನಾನೂ ಹೇಳ್ತಿರೋದು" ಎಂದು ಅವಳು ತಟ್ಟೆಯನ್ನು ನೆಲಕ್ಕೆ ಸ್ವಲ್ಪ ಜೋರಾಗಿಯೇ ಇಟ್ಟಳು.

ಬೆಳಗಾಗುತ್ತಲೇ ಅವನು ಗುರುವಿನ ಮನೆಗೆ ಹೋದ. ಹಕ್ಕಿ ಗುರುವಿನದೇ ಇರಬೇಕು, ನೋಡಿದರೆ ಕೈಗೆ ನೆನಪು ಬರುತ್ತದೆ ಎಂಬ ಆಸೆ. ಗುರು ದೊಡ್ಡ ಮೇಸ್ತ್ರಿ ತೀರಿಕೊಂಡು ಬಹಳ ಕಾಲವಾಗಿತ್ತು. ಅವರ ಹೆಂಡತಿ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿದ್ದರು. ಅಲ್ಲಿ ಗೋಡೆಗೆ ಒರಗಿಸಿಟ್ಟ ಹಳೆಯ ಲಾರಿ ಹಲಗೆಯೊಂದಿತ್ತು, ಮೇಸ್ತ್ರಿಯ ಕೈಯದು. ಪೇಂಟರ್ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದ. ಮೇಸ್ತ್ರಿಯ ಹಕ್ಕಿಗಳೆಲ್ಲ ನೆಟ್ಟಗೆ ಮುಂದೆ ನೋಡುತ್ತಿದ್ದವು. ಒಂದೂ ಕತ್ತು ತಿರುಗಿಸಿರಲಿಲ್ಲ.

"ಮೇಸ್ತ್ರಿಯಮ್ಮ, ಹಾಗಾದ್ರೆ ಹಿಂದಕ್ಕೆ ನೋಡೋ ಹಕ್ಕಿ ನನಗೆ ಯಾರು ಕಲಿಸಿದ್ದು?"

ಮುದುಕಿ ಬೊಚ್ಚುಬಾಯಿ ತೆರೆದು ನಕ್ಕರು. "ಕಲಿಸೋದಾ? ಅದನ್ನ ಬಿಡಿಸೋಕೆ ಅವರು ಎಷ್ಟು ಬೈದ್ರು ಗೊತ್ತಾ! ನೀನು ಮೊದಲನೇ ಹಕ್ಕಿ ಬರೆದಾಗ 'ಇದ್ಯಾಕೋ ಇದರ ಕತ್ತು ಉಳುಕಿದೆ' ಅಂತ ಕಿವಿ ಹಿಂಡಿದ್ರು. ನೀನು ಅತ್ತುಕೊಂಡು ಏನಂದೆ ನೆನಪಿದೆಯಾ?"

"ಇಲ್ಲಮ್ಮ."

"'ಹಿಂದೆ ಯಾರಾದ್ರೂ ಓಡಿ ಬರ್ತಾ ಇದ್ರೆ ತಿರುಗಿ ನೋಡ್ಬಾರ್ದಾ?' ಅಂದೆ. ಅವರು ಆಮೇಲೆ ಮನೇಗೆ ಬಂದು ಅದನ್ನೇ ಹೇಳ್ತಾ ಕೂತಿದ್ರು. ನಿನಗೆ ಮತ್ತೆ ಬೈಲಿಲ್ಲ."

ಪೇಂಟರ್ ಎದ್ದು ನಿಂತ. ಮುದುಕಿ ಟೀಗೆ ನೀರಿಟ್ಟು ತಿರುಗುವಷ್ಟರಲ್ಲಿ ಅವನು ಮೆಟ್ಟಿಲಿಳಿದು ಬಸ್ ಸ್ಟಾಪಿನ ಕಡೆ ಹೊರಟಾಗಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತೆ ಆಗಿತ್ತು ಅವನ ಪಾಡು.

ತಾನು ಹಾಗೆ ಹಿಂದೆ ಓಡಿದ ದಿನವನ್ನು ಅವನೇನೂ ಮರೆತಿರಲಿಲ್ಲ. ಹಕ್ಕಿಗೂ ಅದಕ್ಕೂ ಗಂಟು ಹಾಕಿರಲಿಲ್ಲ, ಅಷ್ಟೇ. ಅಮ್ಮ ಹೋದಾಗ ಅವನು ತೀರಾ ಚಿಕ್ಕವನು. ಅಪ್ಪ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ. ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಅವನಿಗೆ ತಲೆ ಬಾಚಿದವಳು, ಮೂಗು ಒರೆಸಿದವಳು, ಶಾಲೆಗೆ ದಬ್ಬಿದವಳು ಅಕ್ಕ. ಅವಳೂ ಇನ್ನೂ ಹುಡುಗಿಯೇ. ಒಂದು ದಿನ ಚಿಕ್ಕಮ್ಮನ ಬಟ್ಟೆ ಒಗೆಯುವ ಅಂಗಡಿಗೆ ಕೈಯಾಳು ಬೇಕೆಂದು ಹೇಳಿಕಳಿಸಿದರು, ಅಪ್ಪ ಹೂಂ ಅಂದ. ಆ ಕಡೆ ಹೋಗುವ ಲಾರಿಯೊಂದರ ಹಿಂದೆ ಅಕ್ಕನನ್ನು ಹತ್ತಿಸಿದರು. ತಮ್ಮ ಲಾರಿಯ ಹಿಂದೆ ಓಡಿದ. ಕೂಗಿದ. ಅಕ್ಕ ಅವನಿಗೆ ಬೆನ್ನು ಹಾಕಿ, ಮಡಿಲಲ್ಲಿ ಬಟ್ಟೆಗಂಟು ಇಟ್ಟುಕೊಂಡು ಕೂತಿದ್ದಳು. ತಿರುವಿನಲ್ಲಿ ಲಾರಿ ಮರೆಯಾಗುವವರೆಗೂ ಒಂದು ಸಲವೂ ತಿರುಗಿ ನೋಡಲಿಲ್ಲ.

ಆಮೇಲೆ ಆ ಹುಡುಗನಿಗೆ ಕಂಡ ಕಂಡ ಲಾರಿಯ ಹಿಂದೆ ಓಡುವ ಚಾಳಿ ಅಂಟಿಕೊಂಡಿತು. ಹಾಗೆ ಓಡಿದ ಲಾರಿಯೊಂದು ಶೆಡ್ಡಿನೊಳಗೆ ಹೊಕ್ಕಿತು, ಇವನೂ ಹೊಕ್ಕ. ದೊಡ್ಡ ಮೇಸ್ತ್ರಿ ಕಿವಿ ಹಿಡಿದು, "ಲಾರಿ ಅಂದ್ರೆ ಅಷ್ಟು ಇಷ್ಟಾನಾ? ಹಾಗಾದ್ರೆ ಚಕ್ರಕ್ಕೆ ಬಣ್ಣ ಹೊಡಿ" ಎಂದು ಕೈಗೆ ಬ್ರಷ್ಷು ಕೊಟ್ಟರು. ಅವನ ಕಸುಬು ಶುರುವಾದದ್ದು ಹೀಗೆ. ಕಲೆಯ ಮೇಲಿನ ಪ್ರೀತಿ ಗೀತಿ ಎಲ್ಲ ಆಮೇಲಿನ ಮಾತು.

ಅಕ್ಕ ತಮ್ಮ ಆಮೇಲೆ ಮಾತು ಬಿಟ್ಟಿರಲಿಲ್ಲ. ಮದುವೆಗೋ ಸಾವಿಗೋ ಸಿಕ್ಕಾಗ "ಚೆನ್ನಾಗಿದೀಯಾ" ಎಂದರೆ "ಚೆನ್ನಾಗಿದೀನಿ" ಎಂದು ಮುಗಿಯುತ್ತಿತ್ತು. ಅವಳ ಮನೆಗೆ ಹೋಗಲು ಅವನಿಗೆ ಯಾವತ್ತೂ ಪುರುಸೊತ್ತಿರಲಿಲ್ಲ. ಬಸ್ಸಿನಲ್ಲಿ ಕೂತು ಅವನಿಗೆ ಮೊದಲ ಸಲ ಅನ್ನಿಸಿತು, ಊರೆಲ್ಲ ಅಲೆಯಲು ಪುರುಸೊತ್ತಿದ್ದವನಿಗೆ ಅಲ್ಲಿಗೆ ಮಾತ್ರ ಯಾಕಿರಲಿಲ್ಲ? ಸೀಟು ಸಿಕ್ಕಿದ್ದರೂ ಅವನು ಅರ್ಧ ದಾರಿ ನಿಂತೇ ಹೋದ.

ಚಿಕ್ಕಮ್ಮನ ಅಂಗಡಿ ಈಗ ಅಕ್ಕನದು. ಹೆದ್ದಾರಿಗೆ ಮುಖ ಮಾಡಿದ ಸಣ್ಣ ಇಸ್ತ್ರಿ ಅಂಗಡಿ. ಒಂದು ಮೇಜು, ಅದರ ಮೇಲೆ ಮಡಿಸಿದ ಹಳೆಯ ಕಂಬಳಿ, ಗೋಡೆಗುಂಟ ಯಾರ್ಯಾರದೋ ಷರ್ಟು. ಬಿಸಿ ಬಟ್ಟೆಯ ವಾಸನೆ. ಅಕ್ಕನ ಕೂದಲು ಪೂರ್ತಿ ಬೆಳ್ಳಗಾಗಿತ್ತು, ಕೈ ಮಾತ್ರ ಚುರುಕಾಗಿತ್ತು.

"ಏನೋ, ದಾರಿ ತಪ್ಪಿ ಬಂದ್ಯಾ?"

"ಇಲ್ಲಕ್ಕ, ಹೀಗೇ..."

"ಹೀಗೇ ಬರೋನಲ್ಲ ನೀನು. ಕೂತ್ಕೋ."

ಕೂತ. ಎದ್ದ. ಷರ್ಟಿನ ಗುಂಡಿ ಮುಟ್ಟಿ ನೋಡಿದ. ನೀರು ಚಿಮುಕಿಸುವ ಬಾಟಲಿಯನ್ನು ಅಲ್ಲಿಂದ ಇಲ್ಲಿಗೆ ಇಟ್ಟ.

"ಕೂತ್ಕೊಳೋ, ಇನ್ನೂ ಅದೇ ಚಾಳಿನಾ?"

"ಅಕ್ಕಾ, ಅವತ್ತು ನೀನು ಯಾಕೆ ತಿರುಗಿ ನೋಡ್ಲಿಲ್ಲ?"

ಯಾವತ್ತು ಎಂದು ಅವಳು ಕೇಳಲಿಲ್ಲ. ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿಟ್ಟಳು.

"ಅಬ್ಬಾ, ಕೊನೆಗೂ ಬಾಯಿ ಬಿಟ್ಟು ಕೇಳಿದೆಯಲ್ಲ. ತಿರುಗಿದ್ರೆ ಹಾರಿಬಿಡ್ತಿದ್ದೆ ಕಣೋ. ಓಡ್ತಾ ಇರೋ ಲಾರಿಯಿಂದ. ನೀನು ಕೂಗ್ತಾ ಇದ್ದಿದ್ದು ಕೇಳಿಸ್ತಾನೇ ಇತ್ತು. ಹಾರಿ ವಾಪಸ್ ಬಂದಿದ್ರೆ ಇಬ್ರೂ ಉಪವಾಸ. ಇಲ್ಲಿ ಒಬ್ಬಳು ದುಡಿದ್ರೆ ಅಲ್ಲಿ ನಿನಗೆ ಒಂದು ಹೊತ್ತು ಸಿಕ್ಕುತ್ತೆ ಅಂತ ಚಿಕ್ಕಮ್ಮ ಹೇಳಿದ್ಲು. ಅದಕ್ಕೇ ಗಂಟನ್ನ ಗಟ್ಟಿಯಾಗಿ ಹಿಡ್ಕೊಂಡು ಕೂತಿದ್ದೆ. ಉಗುರು ಬಟ್ಟೆ ತೂತು ಮಾಡಿತ್ತು."

ಅಕ್ಕ ಹೊರಗಿನ ರಸ್ತೆಯ ಕಡೆ ಗಲ್ಲ ಎತ್ತಿ ತೋರಿಸಿದಳು.

"ಆಮೇಲೆ ನೀನು ಪೇಂಟರ್ ಆದೆ. ಒಂದೊಂದಾಗಿ ನಿನ್ನ ಲಾರಿಗಳು ಬರೋಕೆ ಶುರುವಾದ್ವು. ಇಲ್ಲಿ ನಿಂತು ತಲೆ ಎತ್ತಿದ್ರೆ ಸಾಕು, ನಿನ್ನ ಹಕ್ಕಿ ನನ್ನನ್ನೇ ನೋಡ್ಕೊಂಡು ಹೋಗೋದು. 'ನೋಡಿಲ್ಲಿ, ತಿರುಗಿ ನೋಡೋದು ಅಂದ್ರೆ ಹೀಗೆ' ಅಂತ ಹೇಳ್ಕೊಡೋ ಹಾಗೆ. ದಿನಾ ನಿನ್ನ ಹತ್ರ ಬೈಸ್ಕೊಂಡಿದೀನಿ."

"ನಾನು ಬೈಲಿಲ್ಲಕ್ಕ. ದೇವರಾಣೆ, ನನಗೇ ಗೊತ್ತಿರ್ಲಿಲ್ಲ."

"ಗೊತ್ತಿಲ್ದೇ ಬೈದ್ರೆ ನೋಯಲ್ವಾ?"

ಅವನಿಗೆ ಅಳು ಬಂತು. ತಡೆದುಕೊಳ್ಳಲೂ ಹೋಗಲಿಲ್ಲ. ಬೆಳ್ಳನೆ ತಲೆಯ ಗಂಡಸು ಯಾರದೋ ಇಸ್ತ್ರಿಯಾದ ಪ್ಯಾಂಟುಗಳ ನಡುವೆ ಕೂತು ಮೂಗು ಸುರಿಸಿಕೊಂಡು ಅತ್ತ. ಅಕ್ಕ ಒಂದು ಕರವಸ್ತ್ರ ಎಳೆದು ಕೊಟ್ಟಳು. ಅಷ್ಟರಲ್ಲಿ ಗಿರಾಕಿಯೊಬ್ಬ ಬಂದು, "ಅಮ್ಮ, ನನ್ನ ಕರವಸ್ತ್ರ ಆಯ್ತಾ?" ಎಂದ. ಅಕ್ಕ ತಮ್ಮನ ಕೈ ನೋಡಿದಳು. "ಒಂದು ಕಡಿಮೆ ಇದೆ, ನಾಳೆ ಬಾಪ್ಪ" ಎಂದಳು.

ಮಧ್ಯಾಹ್ನ ಶೆಡ್ಡಿಗೆ ಬಂದವನೇ ಅವನು ಡಬ್ಬ ಬೋರಲು ಹಾಕಿ ಕೂತ. ಎದ್ದುಹೋದ ಬಣ್ಣಕ್ಕೆ ತೇಪೆ ಹಚ್ಚಿ, ಒಣಗುವವರೆಗೆ ಅಲ್ಲೇ ಕಾದ. ಟೀ ಬಂದರೂ ಏಳಲಿಲ್ಲ. ಯಜಮಾನ ಬಂದು ಹಣೆ ಮುಟ್ಟಿ ಜ್ವರವೇನಾದರೂ ಬಂದಿದೆಯೇ ಎಂದು ನೋಡಿದ. ಆಮೇಲೆ ಪೇಂಟರ್ ಬ್ರಷ್ಷು ಎತ್ತಿಕೊಂಡ. ಕೈ ನಿಲ್ಲಲಿಲ್ಲ. ಆದರೆ ಕತ್ತು ಹಿಂದಕ್ಕೆ ತಿರುಗಲಿಲ್ಲ, ಅವನು ತಿರುಗಿಸಲಿಲ್ಲ. ಅಕ್ಕನಿಗೆ ಇಷ್ಟು ವರ್ಷ ಬೈದದ್ದು ಸಾಕು ಎಂದುಕೊಂಡು ಬರೀ ಹಿಂದಲೆ ಬರೆದ, ಒಂದೊಂದು ಪುಕ್ಕವನ್ನೂ ಬಿಡಿಸಿ ಬರೆದ. ಹಕ್ಕಿ ಮುಂದೆ ನೋಡುತ್ತಾ ಹಾರುತ್ತಿತ್ತು. ಮೀಸೆ ಲಾರಿಯ ಹಿಂದೆ ಬಂದು ನಿಂತು ಬಗ್ಗಿ ನೋಡಿದ, ಎದ್ದು ನೋಡಿದ.

"ಅಣ್ಣಾ, ಮುಖ ಎಲ್ಲಿ?"

"ಆ ಕಡೆ ಇದೆ."

"ಆ ಕಡೆ ಅಂದ್ರೆ ಲಾರಿ ಒಳಗಾ?"

"ಅದು ದಾರಿ ನೋಡ್ತಾ ಇದೆ. ನೀನೂ ದಾರಿ ನೋಡ್ಕೊಂಡು ಓಡ್ಸು."

ಮೀಸೆ ಗೊಣಗುತ್ತಾ, ಹಕ್ಕಿಯಂತೂ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡು ಹೊರಟ. ಸ್ಟಿಕ್ಕರಿನ ಮಾತು ಅಲ್ಲಿಗೆ ನಿಂತಿತು.

ರೇಡಿಯೋದ ಹುಡುಗಿ ಹೇಳಿದ ವಾರಕ್ಕೇ ಬಂದಳು. "ನಮ್ಮಕ್ಕ" ಎಂದ ಪೇಂಟರ್. "ಅವರೂ ಕಲಾವಿದರಾ ಸರ್?" "ಇಲ್ಲಮ್ಮ, ಇಸ್ತ್ರಿ ಮಾಡ್ತಾಳೆ." ಹುಡುಗಿ ನಗಲಿಲ್ಲ. ಉಳಿದದ್ದನ್ನು ಕೇಳಲೂ ಇಲ್ಲ, ಮೈಕು ಆರಿಸಿ ಸ್ವಲ್ಪ ಹೊತ್ತು ಅವನ ಜೊತೆ ಟೀ ಕುಡಿದು ಹೋದಳು. ಇಷ್ಟಾದರೂ ಅವನ ಚಡಪಡಿಕೆ ಹೋಗಿರಲಿಲ್ಲ. ಸರಿ ಮಾಡಿದೆನೋ ಇಲ್ಲವೋ ಎಂದು ಒಂದು ಕಡೆ ಕೂರಲಾರದೆ ತಿರುಗುತ್ತಿದ್ದ. ಹೆಂಡತಿಗೆ ಇದಾವುದನ್ನೂ ಬಿಡಿಸಿ ಹೇಳಿರಲಿಲ್ಲ. ಅವಳು ಇನ್ನೂ ತಟ್ಟೆಯನ್ನು ಜೋರಾಗಿಯೇ ಇಡುತ್ತಿದ್ದಳು.

ಒಂದು ಬೆಳಿಗ್ಗೆ ಅವನು ಶೆಡ್ಡಿಗೆ ಹೊರಡುವಾಗ ಫೋನು ಬಂತು. ಅಕ್ಕ. ಅವಳಾಗಿ ಫೋನು ಮಾಡಿದ್ದು ಅದೇ ಮೊದಲು.

"ಏನೋ, ಗಾಜಿನ ಲಾರಿ ಈಗ ತಾನೇ ಹೋಯ್ತು. ನಿನ್ನ ಹಕ್ಕಿ ನನ್ನ ಕಡೆ ನೋಡ್ಲೇ ಇಲ್ಲ?"

"ನಾನೇ ಬಿಟ್ಟೆ ಅಕ್ಕ. ಇನ್ನು ನಿನಗೆ ಬೈಯೋದು ಬೇಡ ಅಂತ."

ಹೆದ್ದಾರಿಯ ಸದ್ದು ಮಾತ್ರ ಕೇಳಿಸುತ್ತಿತ್ತು. ಪೇಂಟರ್ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡಿದ.

"ಬೈದ್ರೂ ನೋಡ್ತಿತ್ತಲ್ಲೋ," ಎಂದಳು ಅಕ್ಕ. "ನಾನು ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ ಹಿಡ್ಕೊಂಡೇ ರಸ್ತೆಗೆ ಬಂದುಬಿಟ್ಟೆ, ಈಗ ತಿರುಗುತ್ತೆ, ಈಗ ತಿರುಗುತ್ತೆ ಅಂತ. ಲಾರಿ ಹೋಗೇಬಿಡ್ತು. ಬೆನ್ನು ಹಾಕ್ಕೊಂಡು ಹೋಗೋದನ್ನ ನೋಡ್ತಾ ನಿಲ್ಲೋದು ಇಷ್ಟು ಕಷ್ಟ ಅಂತ ನನಗೆ ಗೊತ್ತೇ ಇರ್ಲಿಲ್ಲ ಕಣೋ. ಅವತ್ತು ನೀನು ಅಷ್ಟು ಚಿಕ್ಕೋನು, ಹೇಗೆ ನಿಂತಿದ್ಯೋ."

ಓಡಾಡುತ್ತಿದ್ದವನು ಕಿಟಕಿಯ ಹತ್ತಿರ ನಿಂತುಬಿಟ್ಟ.

"ಮುಂದಿನದಕ್ಕೆ ಕತ್ತು ತಿರುಗಿಸು," ಎಂದಳು ಅವಳು ಮೂಗು ಏರಿಸಿಕೊಂಡು. "ಬೈದ್ರೆ ಬೈಲಿ."

ಅಡುಗೆಮನೆಯಿಂದ ಹೆಂಡತಿ ಸೌಟು ಹಿಡಿದೇ ಬಂದಳು. ಗಂಡ ಫೋನು ಕಿವಿಗೆ ಒತ್ತಿಕೊಂಡು ಅಳುತ್ತಾ ನಗುತ್ತಾ ನಿಂತಿದ್ದ.

"ಯಾರ್ರೀ ಅದು?"

"ಸ್ಫೂರ್ತಿ" ಎಂದ ಪೇಂಟರ್.

"ಕೊಡಿ ಇಲ್ಲಿ!" ಅವಳು ಫೋನು ಕಸಿದುಕೊಂಡಳು. "ಯಾರಮ್ಮ ನೀನು? ಏನು ನಿನ್ನ ವಿಷಯ?" ಆ ಕಡೆಯಿಂದ ಏನು ಕೇಳಿಸಿತೋ, ಸೌಟು ಹಿಡಿದ ಕೈ ಕೆಳಗಿಳಿಯಿತು. "ಅಯ್ಯೋ, ಅತ್ತಿಗೇ!" ಎಂದಳು.

ಅಷ್ಟರಲ್ಲಿ ಪೇಂಟರ್ ಚಪ್ಪಲಿ ಮೆಟ್ಟಿ ಬೀದಿಗಿಳಿದಿದ್ದ. ಶೆಡ್ಡಿನಲ್ಲಿ ಇನ್ನೊಂದು ಲಾರಿ ಬೆನ್ನು ತೋರಿಸಿಕೊಂಡು ಅವನಿಗಾಗಿ ನಿಂತಿತ್ತು.